ಹಂದಿಕಾಲಿನ ಶಾವಿಗೆ

ಅಮ್ಮ ಬೆಳಗ್ಗೆಯಿಂದ ಹಂದಿಕಾಲು ಬೇಯಿಸುತ್ತಿದ್ದಳು. ಜೈಲಿನಿಂದ ಹೊರಬಂದವರಿಗೆ ಹಂದಿಕಾಲಿನ ಶಾವಿಗೆ ಉಣ್ಣಿಸಿದರೆ ಅಂಟಿಕೊಂಡ ಪೀಡೆ ತೊಲಗುತ್ತದೆಂದು ನಮ್ಮ ತೈವಾನಿನಲ್ಲಿ ನಂಬಿಕೆ. ಅಂದು ಜಾಮೀನಿನ ಮೇಲೆ ಬರುತ್ತಿದ್ದವನು ನಮ್ಮ ನೆಂಟನೇನಲ್ಲ, ಜಿಲ್ಲಾ ಪರಿಷತ್ತಿನ ಸದಸ್ಯ ಕೋ ಶಿ-ಚ್ವಾನ್. ನಮ್ಮಪ್ಪನನ್ನು ಕೊಂದವನು.

ಹೀಗೆ ನೇರವಾಗಿ ಹೇಳಿದರೆ ಊರಲ್ಲಿ ಯಾರಿಗೂ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಬಿಡಲಿ. ನಮ್ಮೂರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಮಳೆ ಬಂದರೆ ಪಂಪು ನೀರನ್ನು ಎತ್ತಿ ಕಡಲಿಗೆ ಹಾಕಬೇಕು, ಇಲ್ಲವೇ ನಾವು ಮುಳುಗಬೇಕು. ಎರಡು ವರ್ಷದ ಹಿಂದಿನ ಚಂಡಮಾರುತದಲ್ಲಿ ಪಂಪು ಓಡಲಿಲ್ಲ. ನಾನು ಪೇಟೆಯ ಮೀನು ಕಾರ್ಖಾನೆಯಲ್ಲಿ ಸಿಕ್ಕಿಕೊಂಡಿದ್ದೆ. ಅಮ್ಮ ಪಕ್ಕದಲ್ಲೇ ಇದ್ದ ಪಂಪ್‌ಹೌಸಿಗೆ ಓಡಿಹೋಗಿ, ಅದು ಸತ್ತಂತೆ ಕೂತಿದ್ದನ್ನು ಕಂಡು ವಾಪಸು ಬರುವಷ್ಟರಲ್ಲಿ ನೀರು ಮಂಚದ ಮೇಲೆ ಹರಿಯುತ್ತಿತ್ತು. ಲಕ್ವ ಹೊಡೆದು ಮಲಗಿದ್ದ ಅಪ್ಪನನ್ನು ಎತ್ತಲು ಅವಳೊಬ್ಬಳಿಂದ ಆಗಲಿಲ್ಲ.

ಈ ವರ್ಷ ಟೀವಿಯಲ್ಲಿ ಬಂತು: ಅದು ಹೊಸ ಪಂಪೇ ಅಲ್ಲ, ಗುಜರಿ ಎಂಜಿನ್ನಿಗೆ ಹಸಿರು ಬಣ್ಣ ಬಳಿದದ್ದು. ಹಾಕಿಸಿದವನು ಕೋ. ಅವನ ದನಿಯನ್ನೇ ಕೇಳಿಸಿದರು: "ಬಣ್ಣ ಮಾತ್ರ ದಪ್ಪಗೆ ಹೊಡೀರಪ್ಪ."

ಊರು ಹೊತ್ತಿ ಉರಿಯುತ್ತದೆ ಅಂದುಕೊಂಡೆ. ನನ್ನ ಮೂರ್ಖತನ. ಮಾರನೆಯ ದಿನ ಸಿಂಪಿಯ ಮಾಂಸ ಬಿಡಿಸುವ ಶೆಡ್ಡಿನಲ್ಲಿ ಪಕ್ಕದ ಮನೆಯ ಅ-ಹಾಯ್ ಚಿಕ್ಕಮ್ಮ ಚಾಕು ಆಡಿಸುತ್ತಲೇ ತೀರ್ಪು ಕೊಟ್ಟಳು.

"ಅದು ಅವರ ದನಿ ಅಲ್ಲ ಕಣೆ. ಈಗ ಕಂಪ್ಯೂಟರಲ್ಲಿ ಏನ್ ಬೇಕಾದ್ರೂ ಮಾಡ್ತಾರೆ. ಅವರದ್ದೇ ಆದ್ರೂ ಏನೀಗ? ತಿನ್ನದೆ ಇರೋನು ಯಾವನಿದಾನೆ? ಇವರಾದ್ರೆ ತಿಂದು ನಮಗೂ ಬಡಿಸ್ತಾರೆ."

"ಏನು ಬಡಿಸಿದ್ರು ಚಿಕ್ಕಮ್ಮ, ಉಪ್ಪುನೀರಾ?"

"ನಿನ್ನ ನಾಲಿಗೆಗೆ ಹುಳ ಬೀಳ! ನಿಮ್ಮಪ್ಪನ ಹೆಣದ ಮುಂದೆ ಕೂತು ಕಾಗದದ ತಾವರೆ ಮಡಚಿದೋರು ಯಾರೇ? ಆ ಟೀವಿಯೋರು ಬಂದಿದ್ರಾ?"

ಅದು ಸುಳ್ಳಲ್ಲ. ಸತ್ತವರ ಜೊತೆ ಸುಡುವ ತಾವರೆಗಳನ್ನು ಮನೆಮಂದಿ ಮಡಚುತ್ತಾರೆ. ಕೋ ಒಂದಿಡೀ ಮಧ್ಯಾಹ್ನ ನೆಲದ ಮೇಲೆ ಕೂತು, "ಅಣ್ಣಾ, ಅಣ್ಣಾ" ಎಂದು ಮೂಗು ಒರೆಸಿಕೊಳ್ಳುತ್ತ ಮಡಚಿದ್ದ. ಆ ಕಥೆಯನ್ನು ಅಮ್ಮ ಹೇಳದ ಮನೆಯಿಲ್ಲ.

ಪಕ್ಕದೂರಿನಲ್ಲಿ ಮುಳುಗಿ ಸತ್ತ ಇಬ್ಬರ ಮನೆಯವರು ಕೋರ್ಟಿಗೆ ದೂರು ಸಿದ್ಧಮಾಡಿದ್ದರು. ಆದರೆ ಪಂಪು ನಿಂತಿದ್ದನ್ನು ಕಣ್ಣಾರೆ ಕಂಡವಳು ನಮ್ಮಮ್ಮ ಒಬ್ಬಳೇ. ನಮ್ಮಲ್ಲಿ ಸಹಿಯ ಬದಲು ಹೆಸರಿನ ಮೊಹರು ಒತ್ತುತ್ತಾರೆ; ಅವಳ ಮೊಹರಿಲ್ಲದೆ ದೂರು ನಿಲ್ಲುವುದಿಲ್ಲ, ಕೋ ಬರುವ ದಿನವೇ ಸಂಜೆ ಐದು ಗಂಟೆಯೊಳಗೆ ತಲುಪಬೇಕು ಎಂದಿದ್ದರು ವಕೀಲರು. ಒಲೆಯ ಬಳಿ ನಿಂತಿದ್ದ ನನ್ನ ಜೇಬಿನಲ್ಲಿ ಆ ಕಾಗದವಿತ್ತು.

"ಅಮ್ಮ, ಒಂದು ಮೊಹರು ಅಷ್ಟೇ. ನೀನು ಕಂಡಿದ್ದನ್ನ ಕಂಡೆ ಅಂತ ಹೇಳೋಕೇನು?"

"ಶುಂಠಿ ಜಜ್ಜು," ಅಂದಳು. "ಶಾವಿಗೆ ಮುರೀಬೇಡ, ಉದ್ದ ಇದ್ರೇ ಆಯಸ್ಸು."

"ಅಪ್ಪನ್ನ ಮುಳುಗಿಸಿದವನಿಗೆ ಅಡುಗೆ ಮಾಡ್ತಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಸೌಟು ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಇಪ್ಪತ್ತು ವರ್ಷ, ಗ್ಯೊಕ್. ಪ್ರತಿ ಚುನಾವಣೆಗೂ ಈ ಊರಿನ ಒಂದೊಂದು ಬಾಗಿಲಿಗೂ ಹೋಗಿ ಅವರಿಗೆ ಹಾಕಿ ಅಂತ ಕೈಮುಗಿದೋಳು ನಾನು. ನಿಮ್ಮಪ್ಪಂಗೆ ಇಷ್ಟ ಇರ್ಲಿಲ್ಲ. ಗಾಲಿಕುರ್ಚೀಲಿ ತಳ್ಕೊಂಡು ಹೋಗಿ ನಾನೇ ಹಾಕಿಸ್ದೆ. ಆ ಮನುಷ್ಯ ಕಳ್ಳ ಅಂತ ಇವತ್ತು ಮೊಹರು ಒತ್ತಿದ್ರೆ, ನಿಮ್ಮಪ್ಪನ್ನ ಕೊಂದಿದ್ದು ಯಾರು ಅಂತಾಗುತ್ತೆ? ನೀನೇ ಹೇಳು."

ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಶುಂಠಿ ಜಜ್ಜಿದೆ.

ಮೂರು ಗಂಟೆಗೆ ಪಟಾಕಿ ಸರ ಸಿಡಿಯಿತು. ಕೋ ಕಾರಿನಿಂದಿಳಿದು, ಪೀಡೆ ಕಳೆಯಲೆಂದು ಇಟ್ಟಿದ್ದ ಕೆಂಡದ ಬಾಂಡಲೆ ದಾಟಿ ನಮ್ಮ ಅಂಗಳದ ಮೇಜಿಗೆ ಬಂದು ಕೂತ. ಹೆಂಗಸರು ಅವನ ತೋಳು ಸವರಿ, "ಎಷ್ಟು ಸೊರಗಿಬಿಟ್ರಿ!" ಎಂದು ಕಣ್ಣೀರು ಹಾಕಿದರು. ಎರಡು ತಿಂಗಳು ಜೈಲಿನಲ್ಲಿದ್ದರೂ ಅವನ ಹೊಟ್ಟೆ ಒಂದು ಬೆರಳೂ ಇಳಿದಿರಲಿಲ್ಲ. ಅಮ್ಮ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನಾನೇ ಒಯ್ದು ಅವನ ಮುಂದಿಟ್ಟೆ.

ಅವನು ಸೊರ್ರೆಂದು ಶಾವಿಗೆ ಎಳೆದು ಕಣ್ಣೊರೆಸಿಕೊಂಡ. "ಅತ್ತಿಗೆ, ಒಳಗಿದ್ದಾಗ ನಿಮ್ಮ ಕೈರುಚಿನೇ ನೆನಪಾಗ್ತಿತ್ತು." ಆಮೇಲೆ ಮನೆಯ ಕಡೆ ಕತ್ತು ಚಾಚಿದ. "ಅಣ್ಣ ಎಲ್ಲಿ, ಕಾಣ್ತಿಲ್ಲ? ಕರೀರಿ, ಜೊತೆಗೇ ತಿನ್ನೋಣ."

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ದಿನಕ್ಕೆ ಮೂರು ಸಾವಿನ ಮನೆಗೆ ಹೋಗುವವನು, ಯಾವ ಹೆಣದ ಮುಂದೆ ಎಷ್ಟು ತಾವರೆ ಮಡಚಿದೆನೆಂದು ನೆನಪಿಡುತ್ತಾನೆಯೇ? ಈಗಲಾದರೂ, ಅಂದುಕೊಂಡೆ. ಈಗಲಾದರೂ ಅಮ್ಮ ಒಳಗೆ ಹೋಗಿ ಮೊಹರು ತರುತ್ತಾಳೆ.

"ಅವರು ಸಮುದ್ರಕ್ಕೆ ಹೋಗಿದಾರೆ," ಅಂದಳು ಅಮ್ಮ. "ಬರೋದು ತಡ ಆಗುತ್ತೆ."

"ಹೂಂ ಮತ್ತೆ, ಇಳಿತದ ಹೊತ್ತಲ್ವಾ," ಎಂದಳು ಅ-ಹಾಯ್ ಚಿಕ್ಕಮ್ಮ ಗಟ್ಟಿಯಾಗಿ. "ಸಿಂಪಿ ಕೀಳ್ತಿರ್ತಾರೆ." ಅಪ್ಪನ ಹೆಣ ಹೊತ್ತಿದ್ದ ನಾಲ್ವರು ಅಲ್ಲೇ ನಿಂತಿದ್ದರು. ಅವರೂ ತಲೆಯಾಡಿಸಿದರು.

"ಪಾಪ, ಈ ವಯಸ್ಸಲ್ಲೂ ದುಡಿತಾರೆ. ಅವರ ಪಾಲು ಎತ್ತಿಡಿ ಮತ್ತೆ."

ಅಮ್ಮ ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಅಪ್ಪನ ಅಂಚು ಒಡೆದ ಬಟ್ಟಲು ತಂದು, ಅದರ ತುಂಬ ಶಾವಿಗೆ ಬಡಿಸಿ, ಮೇಜಿನ ಮೇಲಿಟ್ಟಳು. ಕೋ ತನ್ನದನ್ನು ಮುಗಿಸಿ ಸ್ವಲ್ಪ ಹೊತ್ತು ಕಾದ. "ಆರಿಹೋಗುತ್ತೆ ಅತ್ತಿಗೆ," ಎಂದು ಅದನ್ನೂ ತನ್ನ ಕಡೆಗೆ ಎಳೆದುಕೊಂಡ.