ಅಮ್ಮನ ಪಾಲಿನ ಮಾತು

ನಲವತ್ತಾರು ತುಂಬಿದ ಹೆಂಗಸನ್ನು ಪಾಪು ಎಂದು ಕರೆಯುವವರು ಈ ಭೂಮಿಯ ಮೇಲೆ ಇಬ್ಬರೇ ಇದ್ದರು, ಅವಳ ಅಪ್ಪ ಮತ್ತು ಅಮ್ಮ. ಆ ಇಬ್ಬರೂ ಈಗ ಅವಳ ಮನೆಯ ಚಿಕ್ಕ ಕೋಣೆಗೆ ಬಂದು ಸೇರಿದ್ದರು. ಅದು ಅವಳ ಮಗಳ ಕೋಣೆ. ಮಗಳು ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಬಂದಿದ್ದಳು. ಸೋಫಾ ಗೋಡೆಗೆ ಒತ್ತಿಕೊಂಡಿತ್ತು. ಸಿಟಿ ಬಸ್ ಓಡಿಸಿ ದಣಿದು ಬರುವ ಗಂಡ, "ಈ ಮನೆಗಿಂತ ನನ್ನ ಬಸ್ಸಲ್ಲೇ ನಿಲ್ಲೋಕೆ ಜಾಗ ಜಾಸ್ತಿ ಇದೆ" ಎಂದು ನಗುತ್ತಿದ್ದ.

ಜಾಗದ ಚಿಂತೆ ಪಾಪುವಿಗಿರಲಿಲ್ಲ. ಅವಳನ್ನು ಕೂತಲ್ಲಿ ಕೂರಗೊಡದೆ, ನಿಂತಲ್ಲಿ ನಿಲ್ಲಗೊಡದೆ ಆಡಿಸುತ್ತಿದ್ದದ್ದು ಬರುವ ಶುಕ್ರವಾರ. ಅವತ್ತು ವಲಸೆ ಕಚೇರಿಯಲ್ಲಿ ಸಂದರ್ಶನ. ಅಪ್ಪ ಅಮ್ಮ ಬಂದದ್ದು ನೋಡಿಕೊಂಡು ಹೋಗುವ ನೆಂಟರ ವೀಸಾದಲ್ಲಿ, ಅದು ಮುಗಿಯುತ್ತ ಬಂದಿತ್ತು. ಈ ಪರದೇಶದಲ್ಲೇ ಉಳಿಯಬೇಕೆಂದರೆ ಎರಡು ವಿಷಯ ಆ ಕಚೇರಿಗೆ ಮನದಟ್ಟಾಗಬೇಕಿತ್ತು. ಮಗಳನ್ನು ಬಿಟ್ಟರೆ ಇವರನ್ನು ನೋಡಿಕೊಳ್ಳುವವರಿಲ್ಲ ಅನ್ನುವುದು ಒಂದು. ಇಬ್ಬರೂ ಸ್ವಂತ ಮನಸ್ಸಿನಿಂದಲೇ ಇಲ್ಲಿರಲು ಒಪ್ಪಿದ್ದಾರೆ ಅನ್ನುವುದು ಇನ್ನೊಂದು.

ಅವಳನ್ನು ಕಾಡುತ್ತಿದ್ದದ್ದು ಎರಡನೆಯದು. ಅಪ್ಪನ ಮನಸ್ಸೇನೋ ಊರಿಗೆಲ್ಲ ಕೇಳಿಸುತ್ತಿತ್ತು. ಅಮ್ಮನ ಮನಸ್ಸಿನಲ್ಲಿ ಏನಿದೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮಾ, ಟೀ ಕುಡೀತೀಯಾ?"

"ಅವಳಿಗೆ ಬೇಡ," ಎಂದರು ಅಪ್ಪ. "ಈಗ ತಾನೆ ಆಯ್ತು."

"ನಾನು ಕೇಳಿದ್ದು ಅಮ್ಮನ್ನ."

"ನಾನು ಹೇಳಿದ್ರೆ ಏನಾಯ್ತು? ಅವಳ ಹೊಟ್ಟೆ ನನಗೆ ಗೊತ್ತಿಲ್ವಾ?"

ಅಮ್ಮ ಇಬ್ಬರನ್ನೂ ನೋಡಿ ಹಿತವಾಗಿ ನಕ್ಕಳು. ಬಂದಾಗಿನಿಂದ ಅವಳದ್ದು ಎಲ್ಲಕ್ಕೂ ಅದೊಂದೇ ನಗು.

ಅಪ್ಪ ಬಸ್ ಡಿಪೋದಲ್ಲಿ ಟೈಂ ಕೀಪರ್ ಆಗಿ ನಿವೃತ್ತರಾದವರು. ನಿಂತ ಬಸ್ಸುಗಳನ್ನು ಬೈದು ಬೈದು ಓಡಿಸಿ ಅವರ ಗಂಟಲೇ ಮೈಕಾಗಿತ್ತು. ಆ ಗಂಟಲಿನ ಮುಂದೆ ಅಮ್ಮ ತುಟಿ ಬಿಚ್ಚುತ್ತಿದ್ದದ್ದು ಮೊದಲಿನಿಂದಲೂ ಕಡಿಮೆಯೇ. ಮನೆಗೆ ಯಾರಾದರೂ ಬಂದು ಅವಳನ್ನು ಏನಾದರೂ ಕೇಳಿದರೆ ಉತ್ತರ ಅಪ್ಪನಿಂದಲೇ ಬರುತ್ತಿತ್ತು. ಬಂದವರಿಗೂ ಅದರಲ್ಲಿ ವಿಶೇಷ ಕಾಣುತ್ತಿರಲಿಲ್ಲ. ಅವರವರ ಮನೆಗಳಲ್ಲೂ ಅದೇ ನಡೆಯುತ್ತಿತ್ತು. ಆದರೆ ಅಪ್ಪ ಡ್ಯೂಟಿಗೆ ಹೊರಟು ಬಾಗಿಲು ಮುಚ್ಚಿದರೆ ಸಾಕು, ಇನ್ನೊಬ್ಬ ಅಮ್ಮ ಹೊರಗೆ ಬರುತ್ತಿದ್ದಳು. ಪಕ್ಕದ ಮನೆಯಾಕೆ ಕುಂಟುವುದು, ಹಾಲಿನವನು ಮೂಗಿನಲ್ಲಿ ರಾಗ ಎಳೆಯುವುದು, ಅಪ್ಪ ಕನ್ನಡಕ ಹುಡುಕುತ್ತಾ ಊರನ್ನೆಲ್ಲ ಬೈಯುವುದು, ಎಲ್ಲವನ್ನೂ ಮಾಡಿ ತೋರಿಸಿ ಪಾಪುವನ್ನು ಹೊಟ್ಟೆ ಹಿಡಿದು ನಗಿಸುತ್ತಿದ್ದಳು. ಆ ಅಮ್ಮನನ್ನು ತನ್ನ ಮಗಳಿಗೆ ತೋರಿಸಬೇಕೆಂಬ ಆಸೆ ಪಾಪುವಿಗೆ.

"ಅಜ್ಜಿಗೆ ಬಾಯಿಲ್ವಾ?" ಎಂದು ಮಗಳು ಒಂದು ದಿನ ಕೇಳಿಯೇಬಿಟ್ಟಳು.

"ಇದೆ ಕಣೇ. ತಾತನ ಹತ್ರ ಅಡವಿಟ್ಟಿದಾಳೆ."

ಬಿಡಿಸಿಕೊಂಡು ಬರೋಣವೆಂದರೆ ಅಪ್ಪ ಸಂದು ಕೊಡುತ್ತಿರಲಿಲ್ಲ. "ಬಾಮ್ಮಾ, ನಾವಿಬ್ಬರೇ ಮೂಲೆಯ ಅಂಗಡಿ ತನಕ ಹೋಗಿಬರೋಣ" ಎಂದರೆ ಅಮ್ಮನಿಗಿಂತ ಮೊದಲು ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಲೆಯ ಹತ್ತಿರ ಅಮ್ಮ ಹೋದರೆ, "ಇಲ್ಲಿನ ಒಲೆ ಬೇರೆ ಥರ, ಬಾ ಈಚೆ." ಕಿಟಕಿಯ ಹತ್ತಿರ ನಿಂತರೆ, "ಚಳಿ, ಬಾ ಈಚೆ." ಅವಳು ಉಡುವ ಸೀರೆಯನ್ನೂ ಅವರೇ ತೆಗೆದಿಡುತ್ತಿದ್ದರು. ಪಾಪುವಿಗೆ ಮೈ ಉರಿಯುತ್ತಿತ್ತು. ಇಷ್ಟು ದೂರ ಕರೆಸಿಕೊಂಡೂ ಅಮ್ಮನಿಗೆ ಅದೇ ಡಿಪೋ.

ಪಾಪು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಾದ ರೋಲರುಗಳ ನಡುವಿನಿಂದ ಬಿಳಿ ಹಾಸುಗಳು ಬರುತ್ತಲೇ ಇರುತ್ತಿದ್ದವು. ಈ ತುದಿಗೊಬ್ಬರು ಆ ತುದಿಗೊಬ್ಬರು ನಿಂತು ಮೂಲೆ ಹಿಡಿದು ಕೊಡವಿ ಮಡಿಸಬೇಕು. ಆ ವಾರ ಅವಳ ಕೈ ಒಂದು ಕಡೆ, ತಲೆ ಇನ್ನೊಂದು ಕಡೆ. ಎದುರಿನವಳು ಎರಡು ಸಲ "ಹಿಡಿ, ಹಿಡಿ" ಎಂದು ಕೂಗಿದರೂ ಹಾಸು ನೆಲಕ್ಕೆ ಬಿತ್ತು. ಅಮ್ಮನಿಗೆ ವಾಪಸ್ ಹೋಗುವ ಮನಸ್ಸಿದ್ದರೆ? ಅಪ್ಪ ತಾನೇ ನಿರ್ಧರಿಸಿ ಎಳೆದುಕೊಂಡು ಬಂದಿದ್ದರೆ? ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳಿದ ಹಾಗಾಗುವುದಿಲ್ಲ. ಅಮ್ಮ ಇಲ್ಲಿ ಇರಲ್ಲ ಅಂದುಬಿಟ್ಟರೆ ಮಾತ್ರ ಬದುಕಿರುವ ತನಕ ಆ ಮಾತು ಎದೆಯಲ್ಲಿ ಕೂತಿರುತ್ತದೆ.

ಟೀ ಬಿಡುವಿನಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕೂತು ಅವಳು ಕಚೇರಿಗೆ ಫೋನ್ ಮಾಡಿದಳು. "ನಮ್ಮ ತಾಯಿಯನ್ನ ದಯವಿಟ್ಟು ಬೇರೆಯಾಗಿ ಕೇಳಿ. ತಂದೆ ಪಕ್ಕದಲ್ಲಿದ್ದರೆ ಅವರು ಬಾಯಿ ಬಿಡಲ್ಲ." ಆ ಕಡೆಯವರು, ಹಾಗೆ ಕೇಳುವವರು ಬಹಳ ಜನ ಇದ್ದಾರೆ, ಆಗಲಿ, ಎಂದರು. ಮನೆಯಲ್ಲಿ ಅವಳು ಈ ವಿಷಯ ಎತ್ತಲಿಲ್ಲ.

ಶುಕ್ರವಾರ ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ಅಮ್ಮನ ಕಿವಿಯ ಹತ್ತಿರ ಬಾಯಿಟ್ಟುಕೊಂಡೇ ಇದ್ದರು.

"ಯಾರ ಮನೇಲಿದೀವಿ? ಮಗಳ ಮನೇಲಿ. ಹೇಳು. ಮೊಮ್ಮಗಳು ಎಷ್ಟನೇ ಕ್ಲಾಸು? ಹೇಳು ನೋಡೋಣ."

"ಅಪ್ಪಾ, ಅವಳೇನು ಪರೀಕ್ಷೆಗೆ ಹೋಗ್ತಿದಾಳಾ? ಸುಮ್ನೆ ಬಿಡಿ."

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ಹೌದಪ್ಪ, ನಮಗ್ಯಾರಿಗೂ ಏನೂ ಗೊತ್ತಾಗಲ್ಲ. ಗೊತ್ತಾಗೋದು ನಿಮಗೊಬ್ಬರಿಗೇ."

ಅಪ್ಪ ತಿರುಗಿ ಬೈಯಲಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು, ಆದರೆ ಅಷ್ಟರಲ್ಲಿ ಇಳಿಯುವ ಸ್ಟಾಪು ಬಂತು.

ಕಾಯುವ ಕೋಣೆಯಲ್ಲಿ ಅಮ್ಮನೊಬ್ಬಳನ್ನೇ ಒಳಗೆ ಕರೆದಾಗ ಅಪ್ಪನೂ ಎದ್ದು ನಿಂತರು. ಸಿಬ್ಬಂದಿ ಕೈ ಅಡ್ಡ ಹಿಡಿದ. ಅಪ್ಪ ಪಾಪುವಿನ ಕಡೆ ನೋಡಿದರು.

"ಒಬ್ಬಳನ್ನೇ ಯಾಕೆ? ಯಾರು ಹೇಳಿದ್ದು?"

"ನಾನೇ ಹೇಳಿದ್ದು. ಒಂದು ಸಲನಾದ್ರೂ ಅವಳ ಮಾತು ಅವಳೇ ಆಡಲಿ."

"ನೀನಾ?" ಡಿಪೋದ ಗಂಟಲು ಎಲ್ಲಿ ಹೋಯಿತೋ. "ಪಾಪು, ಬೇಡ ಅಂತ ಹೇಳಮ್ಮ ಅವರಿಗೆ. ನಾನು ಬಾಯಿ ಬಿಡಲ್ಲ, ಆಣೆಗೂ ಬಿಡಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರ್ತೀನಿ."

"ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ರಲ್ಲಪ್ಪಾ, ಸಾಕು."

ಅಂದದ್ದು ಜಾಸ್ತಿಯಾಯಿತು ಎಂದು ಅಮ್ಮನ ಕೈ ಹಿಡಿದು ಬಾಗಿಲು ದಾಟುವಾಗಲೇ ಅನಿಸಿತು. ಆದರೂ ಅವಳು ಹಿಂತಿರುಗಿ ನೋಡಲಿಲ್ಲ.

ಒಳಗೆ ಒಂದು ಮೇಜು, ನಾಲ್ಕು ಕುರ್ಚಿ, ಗಾಜಿನ ಬಾಗಿಲು. ನರೆಗೂದಲಿನ ಅಧಿಕಾರಿಣಿ ಕನ್ನಡಕವನ್ನು ಕೊರಳಿಗೆ ಇಳಿಬಿಟ್ಟುಕೊಂಡಿದ್ದಳು. ಪಾಪು ಕೂರಬಹುದು, ಬಾಯಿ ಹಾಕುವಂತಿಲ್ಲ ಎಂದಳು. ಮೇಜಿನ ಮೇಲಿನ ಫೋನಿನಿಂದ ದುಭಾಷಿಯ ದನಿ ಬಂತು.

"ನಮಸ್ಕಾರ. ತಾವು ಕ್ಷೇಮವೇ?"

ಅಮ್ಮ ಫೋನಿನತ್ತ ಬಾಗಿದಳು. "ಚೆನ್ನಾಗಿದೀನಪ್ಪ. ನೀನು? ಊಟ ಆಯ್ತಾ?"

ದನಿ ತಡವರಿಸಿತು. "ಆ... ಆಯಿತು, ತಾಯಿ."

"ಏನೋ, ಸಣ್ಣ ದನಿ. ಹೊಟ್ಟೆ ತುಂಬಾ ಉಂಡವರ ದನಿ ಅಲ್ಲ ಇದು."

ಪಾಪುವಿನ ಎದೆ ಅರಳಿತು. ನೋಡು, ಎಂದುಕೊಂಡಳು, ಅಪ್ಪ ಆಚೆ ಇರುವುದೇ ತಡ, ಬಾಯಿ ಬಂತು.

"ತಮಗೆ ಮಕ್ಕಳೆಷ್ಟು?"

"ಒಂದೇ. ಹೆಣ್ಣುಮಗು."

"ಅವರು ಏನು ಮಾಡುತ್ತಾರೆ?"

"ಏನ್ ಮಾಡುತ್ತೆ, ಶಾಲೆಗೆ ಹೋಗುತ್ತೆ. ಲೆಕ್ಕ ಅಂದ್ರೆ ಅಳುತ್ತೆ."

ಮೊಮ್ಮಗಳ ವಿಷಯ ಹೇಳುತ್ತಿದ್ದಾಳೆ, ಪ್ರಶ್ನೆ ಅರ್ಥವಾಗಿಲ್ಲ. ಸರಿಪಡಿಸಲು ಪಾಪುವಿನ ನಾಲಿಗೆ ತುದಿಗಾಲಲ್ಲಿ ನಿಂತಿತು. ಅಧಿಕಾರಿಣಿ ಬೆರಳೆತ್ತಿದಳು.

"ತಾವು ಈ ದೇಶದಲ್ಲಿ ಮಗಳ ಜೊತೆ ವಾಸಿಸಲು ಇಚ್ಛಿಸುತ್ತೀರಾ?"

"ಯಾವ ದೇಶ?" ಅಮ್ಮ ಕೋಣೆಯನ್ನು ಒಂದು ಸುತ್ತು ನೋಡಿದಳು. ಗೋಡೆ, ಕಿಟಕಿ, ಅಧಿಕಾರಿಣಿಯ ಮುಖ. ನಗು ನಿಂತುಹೋಯಿತು. "ಅವರೆಲ್ಲಿ? ಅವರನ್ನ ಕೇಳಿ."

"ತಮ್ಮ ಅಭಿಪ್ರಾಯವನ್ನೇ ತಿಳಿಸಬೇಕಂತೆ, ತಾಯಿ."

"ಹೊತ್ತಾಯ್ತು." ಅಮ್ಮ ಎದ್ದೇಬಿಟ್ಟಳು. ಸೊಂಟದ ಹತ್ತಿರ ಸೀರೆಯನ್ನು ತಡಕಾಡಿದಳು. "ಬೀಗ ಹಾಕಿ ಬಂದುಬಿಟ್ಟಿದೀನಿ. ಮಗು ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ನಿಂತಿರುತ್ತೆ. ಅವರಿಗೆ ಡ್ಯೂಟಿ. ನನ್ನ ಪಾಪು ಅಳ್ತಿರುತ್ತೆ."

"ಅಮ್ಮಾ!" ಪಾಪು ಕಟ್ಟಳೆ ಮರೆತು ಅವಳ ತೋಳು ಹಿಡಿದಳು.

ಅಮ್ಮ ತಿರುಗಿದಳು. ದಾರಿಯಲ್ಲಿ ಸಿಕ್ಕವರನ್ನು ನೋಡುವ ಸೌಜನ್ಯದ ಕಣ್ಣು.

"ಸ್ವಲ್ಪ ಬಾಗಿಲು ತೆಗೀರಮ್ಮ," ಎಂದಳು. "ನಿಮಗೆ ಪುಣ್ಯ ಬರುತ್ತೆ."

ಹುಟ್ಟಿದಾಗಿನಿಂದ "ನೀನು" ಎಂದೇ ಕರೆದ ಬಾಯಿ. ಪಾಪು ಹಿಡಿದ ತೋಳನ್ನು ಬಿಟ್ಟಳು.

ಅಧಿಕಾರಿಣಿ ತಾನೇ ಎದ್ದು ಹೋಗಿ ಅಪ್ಪನನ್ನು ಒಳಗೆ ಕರೆದಳು. ಅವರು ಯಾರ ಮುಖವನ್ನೂ ನೋಡದೆ ನೇರ ಅಮ್ಮನ ಹತ್ತಿರ ಬಂದು ಜಾರಿದ ಸೆರಗನ್ನು ಹೆಗಲಿಗೆ ಹಾಕಿದರು.

"ರೀ, ಪಾಪು..."

"ಬಂದಾಯ್ತು. ಕೈಕಾಲು ತೊಳ್ಕೋತಿದಾಳೆ. ನೀನು ಕೂತ್ಕೋ."

ಅಮ್ಮ ಕೂತಳು. ಆ ಸುಳ್ಳು ಎಷ್ಟು ನಯವಾಗಿ, ಎಷ್ಟು ರೂಢಿಯಾಗಿ ಬಂತೆಂದರೆ ಪಾಪುವಿಗೆ ಒಂದೊಂದೇ ತೆರೆದುಕೊಂಡಿತು. ಒಲೆ. ಕಿಟಕಿ. ಸೀರೆ. ಬಾಗಿಲಲ್ಲಿ ಮೆಟ್ಟಿ ನಿಂತ ಚಪ್ಪಲಿ. ಬಸ್ಸಿನಲ್ಲಿ ಕಿವಿಗೆ ಅಂಟಿಕೊಂಡ ಬಾಯಿ. ತನ್ನ ಮೂಗಿನ ಕೆಳಗೇ ನಡೆದ ಕಾವಲನ್ನೆಲ್ಲ ಅವಳು ಅಪ್ಪನ ದರ್ಬಾರು ಎಂದುಕೊಂಡಿದ್ದಳು.

"ತಮ್ಮ ಪತ್ನಿಯವರಿಗೆ ಯಾವಾಗಿನಿಂದ ಈ ಮರೆವು?" ಫೋನು ಕೇಳಿತು.

"ಮರೆವಾ? ಯಾರಿಗೆ?" ಅಪ್ಪನ ಗಂಟಲಿನ ಮೈಕು ಮರಳಿ ಬಂತು. "ವಯಸ್ಸಾದ ಮೇಲೆ ಯಾರಿಗಿರಲ್ಲ? ಗಟ್ಟಿಮುಟ್ಟಾಗಿದಾಳೆ. ನಾನೂ ಕಲ್ಲುಗುಂಡಿನ ಹಾಗಿದೀನಿ. ಒಬ್ಬರ ಹಂಗಿಲ್ಲ ನಮಗೆ."

ಅಧಿಕಾರಿಣಿ ಏನೋ ಹೇಳಿದಳು. ಫೋನು ಮೆಲ್ಲಗೆ ಕನ್ನಡಕ್ಕೆ ತಂದಿತು: "ಹಾಗಿದ್ದರೆ ತಾವಿಬ್ಬರೂ ತಮ್ಮ ಊರಿನಲ್ಲೇ ಇರಲು ಅಡ್ಡಿಯೇನು ಎಂದು ಕೇಳುತ್ತಿದ್ದಾರೆ."

ಪಾಪು ಬಗ್ಗಿ ಅಪ್ಪನ ಕಿವಿಯ ಹತ್ತಿರ ಹೇಳಿದಳು, "ಅಪ್ಪಾ, ಇಲ್ಲಿ ಗಟ್ಟಿ ಇದ್ದವರನ್ನೇ ವಾಪಸ್ ಕಳಿಸೋದು."

"ಹುಷಾರಿಲ್ಲದವರನ್ನ ಯಾವ ದೇಶ ಒಳಗೆ ಬಿಟ್ಕೊಳ್ಳುತ್ತೆ, ಪಾಪು?" ಅವರೂ ದನಿ ತಗ್ಗಿಸಿದರು. "ಇಲ್ಲಾ ಎಲ್ಲೋ ಆಶ್ರಮಕ್ಕೆ ಹಾಕ್ತಾರಂತೆ. ಗಂಡಹೆಂಡಿರನ್ನ ಬೇರೆ ಬೇರೆ ಇಡ್ತಾರಂತೆ. ಡಿಪೋದವರೊಬ್ಬರು ಹೇಳಿದ್ರು."

"ಅವರ ಮಾತು ಬಿಡಿ. ನಾನು ಹೇಳ್ತಿದೀನಲ್ಲ."

ಅಪ್ಪ ಹೆಂಡತಿಯನ್ನು ನೋಡಿದರು. ಅವಳು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದಳು.

"ಇವಳನ್ನ ಆಚೆ ಕರ್ಕೊಂಡು ಹೋಗು," ಎಂದರು. "ಇವಳ ಎದುರಿಗೆ ನಾನು ಹೇಳಲ್ಲ."

ಗಾಜಿನ ಬಾಗಿಲ ಆಚೆಯಿಂದ ಮಾತು ಕೇಳಿಸುತ್ತಿರಲಿಲ್ಲ. ಅಪ್ಪನ ಕೈಗಳು ಮಾತ್ರ ಕಾಣುತ್ತಿದ್ದವು. ಆ ಕೈ ಗಾಳಿಯಲ್ಲಿ ಸೀರೆಯ ನೆರಿಗೆ ಹಿಡಿಯಿತು, ಸಿಕ್ಕಿಸಿತು. ತುತ್ತು ಕಲೆಸಿ ಮುಂದೆ ಚಾಚಿತು. ತಲೆಗೆ ನೀರು ಹೊಯ್ಯಿತು. ಬಾಗಿಲು ಮುಚ್ಚಿ ಚಿಲಕ ಹಾಕಿತು. ಆಮೇಲೆ ಎರಡೂ ಕೈ ಮೇಜಿನ ಮೇಲೆ ಅಂಗಾತ ಬಿದ್ದವು. ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿದ್ದಳು. ಪಾಪು ಕಾರಿಡಾರಿನಲ್ಲಿ ಅಮ್ಮನನ್ನು ಆ ಕೊನೆಗೂ ಈ ಕೊನೆಗೂ ನಡೆಸುತ್ತಲೇ ಇದ್ದಳು. ನಿಂತರೆ ಅಮ್ಮ ಹೊರಬಾಗಿಲ ಕಡೆ ಎಳೆಯುತ್ತಿದ್ದಳು.

ಅಪ್ಪ ಆಚೆ ಬಂದಾಗ ಅವರ ಅಂಗಿಯ ಕಾಲರು ಒದ್ದೆಯಾಗಿತ್ತು.

"ಡಾಕ್ಟರು ನೋಡಬೇಕಂತೆ. ಅಲ್ಲಿ ತನಕ ಇರಬಹುದಂತೆ. ಡಾಕ್ಟರೂ ಹೌದು ಅಂದ್ರೆ ಕಳಿಸೋ ಮಾತಿಲ್ಲ ಅಂದ್ರು." ಅಮ್ಮನ ಕೈಯನ್ನು ತಾವು ಹಿಡಿದುಕೊಂಡರು. "ಮಾನ ಎಲ್ಲ ಹೋಯ್ತು. ಫೋನಿನಲ್ಲಿರೋ ಆ ಹುಡುಗನ ಮುಂದೆ ಅತ್ತುಬಿಟ್ಟೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕರೆಸ್ಕೋತಿದ್ಯಾ?"

"ಕರೆಸ್ಕೋತಿದ್ದೆ."

"ಈಗ ಹೇಳೋದು ಸುಲಭ."

ಐದು ಜನ, ಎರಡು ಕೋಣೆ, ಗಂಡನ ಪಾಳಿ, ತನ್ನ ಪಾಳಿ. ಹೌದೆಂದು ಅಂದಿರುತ್ತಿದ್ದಳೋ ಇಲ್ಲವೋ, ಎದೆ ಮುಟ್ಟಿ ಹೇಳುವ ಧೈರ್ಯ ಅವಳಿಗೇ ಇರಲಿಲ್ಲ. ಮೂವರೂ ರಸ್ತೆಗಿಳಿದರು. ಅಮ್ಮ ನಡುವೆ.

"ಸ್ನಾನಕ್ಕೆ ಮೊದಲು ಕಾಲಿಗೆ ನೀರು ಹಾಕಬೇಕು," ಅಪ್ಪ ಯಾರೂ ಕೇಳದೆಯೇ ಶುರು ಮಾಡಿದರು. "ತಲೆಗೆ ಹಾಕಿದ್ರೆ ಹೊಡೀತಾಳೆ. ಊಟ ಸಾಕಾ ಅಂತ ಕೇಳಬಾರದು, ಸಾಕು ಅಂದುಬಿಡ್ತಾಳೆ. ರಾತ್ರಿ ಎದ್ದು ಬಾಗಿಲು ಹುಡುಕ್ತಾಳೆ. ಅವಳ ಸೆರಗು ನನ್ನ ಕೈಗೆ ಕಟ್ಕೊಂಡು ಮಲಗ್ತೀನಿ. ಎದ್ರೆ ಎಳೆಯುತ್ತೆ, ಎಚ್ಚರ ಆಗುತ್ತೆ."

"ಯಾವಾಗಿನಿಂದ?"

"ಗಂಟು ಸಡಿಲ ಇರಬೇಕು. ಬಿಗಿಯಾದ್ರೆ ಹೆದರ್ಕೋತಾಳೆ."

ಬಸ್ಸು ಬರುವುದು ಕಾಣಿಸಿತು. ಪಾಪು ಕೈ ಅಡ್ಡ ಹಿಡಿದಳು.

"ಇವತ್ತು ರಾತ್ರಿ ಅಮ್ಮನ ಪಕ್ಕ ನಾನು ಮಲಗ್ತೀನಿ."

"ನಾಳೆ ನಿನಗೆ ಬೆಳಗಿನ ಪಾಳಿ ಅಲ್ವಾ?"

"ಹೌದು."

"ಹಾಗಾದ್ರೆ ನಾಳಿದ್ದು ನೋಡೋಣ."

"ಇಲ್ಲ, ಇವತ್ತೇ."

ಅಪ್ಪ ಅಮ್ಮನ ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ ಇಡಿಸುತ್ತಾ, "ಬಾಗಿಲ ಕಡೆ ಮಲಗು," ಎಂದರು.