ನೀಲಿ ಪರದೆಯ ಮುಂದೆ ಮಾವ

ಟೀವಿಯಲ್ಲಿ ಒಂದು ಚಾನೆಲ್ ಬರುವುದು ನಿಂತರೆ ನಾವೇನು ಮಾಡುತ್ತೇವೆ? ರಿಮೋಟಿನ ಬೆನ್ನಿಗೆ ಎರಡು ಏಟು ಹಾಕಿ, ಮುಂದಿನ ಚಾನೆಲ್‌ಗೆ ಹೋಗುತ್ತೇವೆ. ಈ ಮನೆಯಲ್ಲೂ ಹಾಗೇ ಆಯಿತು. ಒಬ್ಬರಿಗೆ ಮಾತ್ರ ಮುಂದಿನ ಚಾನೆಲ್ ಇರಲಿಲ್ಲ.

ಅವರು ಮನೆಯ ಹಿರಿಯರು, ಸೊಸೆಗೆ ಮಾವ, ಬೆತ್ತದ ಕುರ್ಚಿ ಹೆಣೆಯುವವರು. ಹುಟ್ಟಿನಿಂದಲೇ ಕಿವಿ ಕೇಳದು, ಓದು ಬಾರದು. ಮಾತೆಲ್ಲ ಕೈಯಲ್ಲೇ. ಆ ಕೈಮಾತು ಪೂರ್ತಿ ತಿಳಿದಿದ್ದವರು ಅವರ ಹೆಂಡತಿ. ಅಪ್ಪ ಹೇಳಿದ್ದನ್ನು ಅಮ್ಮ ಬಾಯಲ್ಲಿ ಹೇಳುತ್ತಿದ್ದರಿಂದ ಮಗ ಕಲಿಯುವ ಗೋಜಿಗೇ ಹೋಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮಗನಿಗೂ ಸೊಸೆಗೂ ಉಳಿದದ್ದು ಊಟ, ಬಾ, ಮಲಗು, ಇಷ್ಟೇ ಸನ್ನೆ.

ಉಳಿದ ಮಾತೆಲ್ಲ ಸಂಜೆ, ಊರಿನ ಸಾರ್ವಜನಿಕ ವಾಹಿನಿಯಲ್ಲಿ. ವಾರ್ತೆಯ ಮೂಲೆಯಲ್ಲಿ ಒಬ್ಬಾಕೆ ನಿಂತು ನೀರು ಬಿಡುವ ಹೊತ್ತು, ಮುಚ್ಚಿದ ರಸ್ತೆ, ಆಸ್ಪತ್ರೆಯ ಸುದ್ದಿ ಎಲ್ಲವನ್ನೂ ಕೈಯಲ್ಲಿ ಹೇಳುತ್ತಿದ್ದಳು. ಕೊನೆಗೆ ಅವಳು ಕೈ ಎತ್ತಿ ಬೀಳ್ಕೊಂಡರೆ ಮಾವನೂ ಕೈ ಎತ್ತುತ್ತಿದ್ದರು. ಹೆಂಡತಿ ಹೋದ ಮೇಲೆ ಅವರು ಯಾರಿಗಾದರೂ ಕೊಡುತ್ತಿದ್ದ ಉತ್ತರ ಅದೊಂದೇ.

ಒಂದು ಸಂಜೆ ಪರದೆ ಬರೀ ನೀಲಿಯಾಯಿತು.

ಮಾವ ಮಗನ ತೋಳು ಹಿಡಿದು ಏನೋ ಹೇಳಿದರು. ಕೈ ಮೇಲೆತ್ತಿ ಬೆರಳು ಅಗಲಿಸಿದರು, ಹೆಬ್ಬೆರಳು ಒತ್ತಿ ತೋರಿಸಿದರು, ಅಂಗೈಯನ್ನು ಗಾಳಿಯಲ್ಲಿ ಸುತ್ತಿಸಿದರು. ಬೇಕರಿಯ ಒಲೆಯ ಮುಂದೆ ದಿನವಿಡೀ ಬೆಂದು ಬಂದಿದ್ದ ಮಗ, ಅಪ್ಪನಿಗೆ ಪರದೆಯ ಮೇಲೆ ಧೂಳು ಕಂಡಿದೆ ಎಂದುಕೊಂಡು ಬಟ್ಟೆ ತಂದು ಒರೆಸಿದ. ಮರುದಿನವೂ ಅದೇ ಸನ್ನೆ. ದೊಡ್ಡ ಟೀವಿ ಬೇಕಂತೆ ಎಂದು ನಕ್ಕ. ಕೆಲವು ವಾರ ಮಾವ ಅದನ್ನೇ ಹೇಳಿದರು. ಆಮೇಲೆ ಹೇಳುವುದನ್ನು ಬಿಟ್ಟರು. ಸಂಜೆ ಟೀವಿ ಹಾಕುವುದು, ನೀಲಿ ಪರದೆಯನ್ನು ನೋಡುವುದು, ವಾರ್ತೆ ಮುಗಿಯುವ ಹೊತ್ತಿಗೆ ಆರಿಸುವುದು. ಅರ್ಧ ಹೆಣೆದ ಕುರ್ಚಿ ಮೂಲೆ ಸೇರಿತು. ಬೆತ್ತ ಒಣಗಿ ಸೀಳಿಕೊಂಡಿತು. ಬಡಿಸಿದ ತಟ್ಟೆ ಅರ್ಧ ಹಾಗೇ ಹಿಂದಕ್ಕೆ ಬರತೊಡಗಿತು.

ಪಕ್ಕದ ಮನೆಯ ನರ್ಸಕ್ಕ ಮಾವನ ರಕ್ತದೊತ್ತಡ ನೋಡಲು ಬಂದದ್ದು ಅಂಥ ಒಂದು ಸಂಜೆ. ಇದೇನು ಅಜ್ಜ ನೀಲಿ ನೋಡ್ತಾ ಕೂತಿದ್ದಾರೆ ಎಂದು ಕೇಳಿದರು.

"ಆ ಚಾನೆಲ್ ಮುಚ್ಚೋಯ್ತಲ್ಲ ಅಕ್ಕ," ಎಂದ ಮಗ. "ಯಾರ್ ನೋಡ್ತಿದ್ರು ಅದನ್ನ?"

"ನಾನ್ ನೋಡ್ತೀನಪ್ಪ. ನಿನ್ನೆ ಸಂಜೇನೂ ನೋಡ್ದೆ."

ಅವನು ನಂಬಲಿಲ್ಲ. ನರ್ಸಕ್ಕ ಮೊಬೈಲ್ ತೆಗೆದು, ವಾಹಿನಿಯ ಆ್ಯಪ್‌ನಲ್ಲಿ ಅದೇ ಹೊತ್ತಿನ ವಾರ್ತೆ ತೋರಿಸಿದರು. ವಾಹಿನಿ ಮುಚ್ಚಿರಲಿಲ್ಲ, ಅದು ಪ್ರಸಾರವಾಗುವ ತರಂಗ ಬದಲಾಗಿತ್ತು, ಅಷ್ಟೆ. ಟೀವಿಯ ಸೆಟ್ಟಿಂಗ್‌ನಲ್ಲಿ ಚಾನೆಲ್‌ಗಳನ್ನು ಮತ್ತೊಮ್ಮೆ ಹುಡುಕಿಸಬೇಕಿತ್ತು.

"ಬದಲಾಗೋ ಮುಂಚೆ ವಾರ್ತೇಲಿ ದಿನಾ ಹೇಳಿದ್ರು. ಆ ಸನ್ನೆಯಮ್ಮನೂ ಹೇಳ್ತಿದ್ಲು, ನಂಗೇ ಬಾಯಿಪಾಠ ಆಗಿತ್ತು." ನರ್ಸಕ್ಕ ಮಾಡಿ ತೋರಿಸಿದರು. ಕೈ ಮೇಲೆ, ಬೆರಳು ಅಗಲ: ಆಂಟೆನಾ. ಹೆಬ್ಬೆರಳು: ಗುಂಡಿ ಒತ್ತು. ಸುತ್ತುವ ಅಂಗೈ: ಹುಡುಕಿಸು.

ಸೊಸೆ ಆ ಸನ್ನೆಯನ್ನು ತಾನೂ ಮಾಡಿ ನೋಡಿದಳು.

"ಮಾವ ಹೇಳಿದ್ರು," ಎಂದಳು. "ಇದನ್ನೇ ಹೇಳಿದ್ರು ನಮಗೆ."

ಮಗ ತಾರಸಿಗೆ ಹೋದ. ಆಂಟೆನಾ ಬಾಗಿತ್ತು, ಅದರ ತುಂಬ ಅವನದೇ ಬೇಕರಿ ಏಪ್ರನ್‌ಗಳು ಒಣಗುತ್ತಿದ್ದವು. ಹಿಂದೆ ಬಂದ ನರ್ಸಕ್ಕ, ಇಷ್ಟು ದಿನ ಬ್ರೆಡ್ಡಿನ ಸುದ್ದಿಯಾದರೂ ಬರಬೇಕಿತ್ತಲ್ಲೋ ಎಂದರು. ಅವನು ನಗಲಿಲ್ಲ. ಬಟ್ಟೆ ತೆಗೆದು, ಆಂಟೆನಾ ನೆಟ್ಟಗೆ ಮಾಡಿ, ದೂರದ ಗೋಪುರದ ಕಡೆಗೆ ತಿರುಗಿಸಿದ. ಕೆಳಗೆ ಸೊಸೆ ಹುಡುಕಿಸುವ ಗುಂಡಿ ಒತ್ತಿದಳು.

ಚಿತ್ರ ಬಂತು. ಮೂಲೆಯಲ್ಲಿ ಅದೇ ಹೆಂಗಸು.

ಮಾವ ನೋಡಿದರು, ಮುಖ ಅರಳಲಿಲ್ಲ. ವಾರ್ತೆ ಮುಗಿದು ಅವಳು ಕೈ ಎತ್ತಿದಾಗಲೂ ಅವರ ಕೈ ಮಡಿಲಲ್ಲೇ ಉಳಿಯಿತು. ಹೇಳಿ ಹೇಳಿ ಸೋತ ಕೈ ಅದು. ಅಷ್ಟು ದಿನ ಅದು ಇನ್ನೇನೇನು ಹೇಳಬೇಕೆಂದಿತ್ತೋ, ಈಗ ಕೇಳಲು ಆ ಮನೆಯಲ್ಲಿ ಯಾರಿಗೂ ಭಾಷೆಯಿಲ್ಲ.

ಸೊಸೆಯೇ ತನಗೆ ತಿಳಿದಂತೆ ಪರದೆಗೆ ಕೈ ಎತ್ತಿದಳು. ಮಾವ ಅವಳ ಕೈಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು, ತಪ್ಪಾಗಿ ಮಡಿಸಿದ್ದ ಅವಳ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿದರು.

ಓದುತ್ತಿರುವವರೇ, ನಿಮ್ಮ ಮನೆಯಲ್ಲಿ ಊರಿನ ವಾಹಿನಿ ಕಾಣದಿದ್ದರೆ ಮುಚ್ಚಿಹೋಯಿತು ಎಂದುಕೊಳ್ಳಬೇಡಿ. ಮೊದಲು ಟೀವಿಯಲ್ಲಿ ಚಾನೆಲ್‌ಗಳನ್ನು ಮತ್ತೆ ಹುಡುಕಿಸಿ. ತಾರಸಿ ಇಲ್ಲದವರು ಒಳಗಿಡುವ ಚಿಕ್ಕ ಆಂಟೆನಾವನ್ನು ಕಿಟಕಿಯ ಬಳಿ ಇಟ್ಟು ನೋಡಿ. ಟೀವಿ ತೀರಾ ಹಳೆಯದಾದರೆ ಜೊತೆಗೊಂದು ಡಿಜಿಟಲ್ ಬಾಕ್ಸ್ ಬೇಕಾಗಬಹುದು. ಕೇಬಲ್ ಅಥವಾ ಡಿಶ್ ಇದ್ದರೆ ವಾಹಿನಿ ಯಾವ ಸಂಖ್ಯೆಯಲ್ಲಿದೆ ಎಂದು ಆ ಕಂಪನಿಯವರನ್ನೇ ಕೇಳಿ. ಇಂಟರ್ನೆಟ್ ಇದ್ದರೆ ವಾಹಿನಿಯ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ನೇರಪ್ರಸಾರ ಇದೆಯೇ ನೋಡಿ. ಇವತ್ತೇ ನೋಡಿ. ಮನೆಯಲ್ಲಿ ಯಾರೋ ಒಬ್ಬರು ಬಹಳ ದಿನದಿಂದ ಇದನ್ನೇ ಹೇಳುತ್ತಿರಬಹುದು. ಅವರು ಹೇಳುವುದನ್ನು ಬಿಡುವ ಮುಂಚೆ ನೋಡಿ.