ಮುಗಿಯದ ಕೆಲಸಕ್ಕೆ ಹಸಿರು ಗುರುತು

ಔಷಧ ಮಾರುವ ಸಂಸ್ಥೆಯೊಂದರ ವೆಬ್‌ಸೈಟನ್ನು ನೋಡಿಕೊಳ್ಳುತ್ತಿದ್ದ ಅವಳಿಗೆ ಒಂದು ಸಂಗತಿ ಅಂಗೈ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು: ಸರ್ವರ್ ಯಾವ ಕೆಲಸಕ್ಕೂ ಅರೆನಿಮಿಷಕ್ಕಿಂತ ಹೆಚ್ಚು ಕಾಲ ಕೊಡುವುದಿಲ್ಲ, ಮೀರಿದರೆ ನಡುವೆಯೇ ಕತ್ತು ಹಿಸುಕುತ್ತದೆ. ದೊಡ್ಡ ಕೆಲಸವನ್ನು ತುತ್ತು ತುತ್ತಾಗಿ ಮುರಿದು, ಸರದಿಯಲ್ಲಿಟ್ಟು ಮಾಡಿಸಬೇಕು. ಕೊನೆಯ ತುತ್ತು ಇಳಿದ ಮೇಲಷ್ಟೇ ಮುಗಿಯಿತೆನ್ನಬೇಕು. ಗ್ರಾಹಕರಿಗೆಲ್ಲ ಒಟ್ಟಿಗೆ ಸಂದೇಶ ಕಳಿಸುವ ಬಟನ್ನನ್ನು ಹೀಗೆ ಕಟ್ಟಲು ಅವಳು ಮ್ಯಾನೇಜರ ಬಳಿ ಒಂದು ವಾರದ ಸಮಯ ಕೇಳಿದ್ದಳು.

"ವಾರಾನಾ? ಏನ್ ಅರಮನೆ ಕಟ್ತೀಯಾ? ಮೇಲಿನವರ ಮುಂದೆ ಪರದೆ ಮೇಲೆ ಆ ಕಾಯಿಸೋ ಚಕ್ರ ತಿರುಗ್ತಾ ಕೂತ್ರೆ ನನ್ನ ತಲೆ ತಿರುಗಿಸ್ತಾರೆ. ಬಟನ್ ಒತ್ತಿದ ತಕ್ಷಣ ಹಸಿರು ಗುರುತು ಬರ್ಲಿ. ಕೆಲಸ ಹಿಂದ್ಗಡೆ ನಡ್ಕೊಳ್ಳುತ್ತೆ."

"ಮುಗಿಯೋಕೆ ಮುಂಚೆ ಮುಗೀತು ಅಂತ ಹೇಗೆ ಸಾರ್ ತೋರಿಸೋದು?"

"ಬಂದ್ಳಪ್ಪಾ, ಹರಿಶ್ಚಂದ್ರನ ಮೊಮ್ಮಗಳು!"

ಕೋಣೆಯೆಲ್ಲ ನಕ್ಕಿತು. ಅವಳು ತಲೆ ತಗ್ಗಿಸಿ, ಅವರು ಹೇಳಿದಂತೆಯೇ ಪ್ರೋಗ್ರಾಂ ಬರೆದುಕೊಟ್ಟಳು. ಸುಳ್ಳಾಡೆಂದು ಆಜ್ಞಾಪಿಸುವವರು ಲೋಕದಲ್ಲಿ ಕೆಲವರೇ. ಸುಳ್ಳೆಂದು ಬಲ್ಲವರು ಅದನ್ನು ಅಚ್ಚುಕಟ್ಟಾಗಿ ಮಾಡಿಕೊಡದಿದ್ದರೆ ಅವರ ಆಟ ನಡೆಯುವುದೇ ಇಲ್ಲ.

ಕೆಲವೇ ಜನರಿಗೆ ಹೋಗುವ ಸಣ್ಣಪುಟ್ಟ ಸಂದೇಶಗಳೆಲ್ಲ ಅರೆನಿಮಿಷದೊಳಗೇ ಮುಗಿಯುತ್ತಿದ್ದುದರಿಂದ ಸುಳ್ಳು ಬಹುಕಾಲ ಬಯಲಾಗಲಿಲ್ಲ. ತಾನೇ ನಿಲ್ಲಿಸಿದ ಬೆದರುಬೊಂಬೆಯನ್ನು ಕಾವಲುಗಾರನೆಂದು ಅವಳೂ ನಂಬತೊಡಗಿದಳು.

ಒಂದು ದಿನ, ರಕ್ತದೊತ್ತಡದ ಮಾತ್ರೆಯ ಹೊಸ ಸರಕಿನಲ್ಲಿ ಔಷಧದ ಪ್ರಮಾಣ ಹಲವು ಪಟ್ಟು ಹೆಚ್ಚಿದೆಯೆಂದು ತಯಾರಕರು ತಿಳಿಸಿದರು. ಕೊಂಡವರೆಲ್ಲರಿಗೂ 'ನುಂಗಬೇಡಿ' ಎಂಬ ಸಂದೇಶ ಹೋಗಬೇಕಿತ್ತು. ಮ್ಯಾನೇಜರ್ ಬಟನ್ ಒತ್ತಿದರು, ಹಸಿರು ಬಂತು. ಅವಳನ್ನು ಸಾಕಿ ಬೆಳೆಸಿದ ಸೋದರತ್ತೆಯೂ ಅದೇ ಮಾತ್ರೆ ನುಂಗುತ್ತಿದ್ದಳು. ಫೋನ್ ಮಾಡಬೇಕೆಂದುಕೊಂಡ ಅವಳು ಹಸಿರನ್ನು ಕಂಡು ಸುಮ್ಮನಾದಳು.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಾವ ಅತ್ತೆಯ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅತ್ತೆ ಒಳಗಿದ್ದಳು.

"ತಿಂಡಿ ತಿಂದು ಮಾತ್ರೆ ನುಂಗಿದ್ಲು. ಏಳೋಕೆ ಹೋದವಳು ಹಾಗೇ ಬಿದ್ಲು ಕಣೇ."

"ಮೆಸೇಜ್ ಬರ್ಲಿಲ್ವಾ ಮಾವ?"

"ಯಾವ ಮೆಸೇಜು? ನಿಮ್ಮ ಆಫೀಸಿಂದ ಏನ್ ಬಂದ್ರೂ ಬೀದಿಗೆಲ್ಲ ಓದಿ ಹೇಳ್ತಾಳಲ್ಲ, ನಮ್ಮ ಹುಡುಗಿ ಕಳಿಸಿದ್ದು ಅಂತ."

ಅವಳು ಲ್ಯಾಪ್‌ಟಾಪ್ ತೆರೆದಳು. ಸಂದೇಶಗಳು ಹೆಸರು ನೋಂದಾಯಿಸಿದ ಕ್ರಮದಲ್ಲಿ ಹೊರಟು ಅರ್ಧದಲ್ಲೇ ಸತ್ತಿದ್ದವು. ಅತ್ತೆಯ ಹೆಸರನ್ನು ಅವಳೇ ಕೆಲವು ತಿಂಗಳ ಹಿಂದಷ್ಟೇ ಸೇರಿಸಿದ್ದಳು; ಅದು ಪಟ್ಟಿಯ ಕೊನೆಯಲ್ಲಿತ್ತು. ಮ್ಯಾನೇಜರಿಗೆ ಫೋನ್ ಮಾಡಿದಳು.

"ಹಸಿರು ಬಂದಿತ್ತಲ್ಲಮ್ಮ!" ಎಂದರು ಅವರು.

ಅವಳು ಫೋನಿಟ್ಟಳು. ಉಳಿದವರಿಗೆ ತುತ್ತು ತುತ್ತಾಗಿ ತಾನೇ ಕಳಿಸತೊಡಗಿದಳು; ಒಂದು ತುತ್ತು ತಲುಪಿತೆಂದು ಖಚಿತವಾದ ಮೇಲೆ ಇನ್ನೊಂದು. ಮೊದಲೇ ಮಾಡಬೇಕಿದ್ದ ರೀತಿ ಅದು.

ವೈದ್ಯರು ಹೊರಬಂದು, "ಉಳಿಸ್ಕೊಳ್ಳೋಕಾಗ್ಲಿಲ್ಲ," ಎಂದು ಹೇಳಿ ಹೋದರು.

ಮಾವನ ಮಡಿಲಲ್ಲಿ ಫೋನ್ ಸದ್ದು ಮಾಡಿತು. ಕನ್ನಡಕವಿಲ್ಲದ ಕಣ್ಣಿಗೆ ಅದನ್ನು ಹತ್ತಿರ ಹಿಡಿದು, ಅಕ್ಷರ ಕೂಡಿಸಿ ಓದಿದರು.

"ನುಂಗ... ಬೇಡಿ." ಮುಚ್ಚಿದ ಬಾಗಿಲಿನತ್ತ ತಿರುಗಿದರು. "ನೋಡೇ, ನಿನ್ನ ಹುಡುಗಿ ಕಳಿಸಿದ್ದಾಳೆ."